ಜೋಡುನಳಿಗೆಯ ಕೋವಿಯೂ ಮದ್ದಿನ ಅಳತೆಯೂ

ಕೋವಿಯ ಚರಿತ್ರೆಯನ್ನು ಬರೆದವರು ಹಲವರುಂಟು. ಅದರ ಹೊಟ್ಟೆಗೆ ಹಾಕುವ ಮದ್ದಿನ ಚರಿತ್ರೆಯನ್ನು ಬರೆದವರು ವಿರಳ. ಯಾವ ಅರಸನು ಯಾವ ಕೋಟೆಯನ್ನು ಎಷ್ಟು ತೋಪುಗಳಿಂದ ಹಿಡಿದನೆಂಬುದನ್ನು ಶಾಲೆಯ ಬಾಲಕರೂ ಬಾಯಿಪಾಠ ಹೇಳಬಲ್ಲರು. ಆದರೆ ಒಂದು ನಳಿಗೆಗೆ ಎಷ್ಟು ಮದ್ದು ಹಾಕಿದರೆ ಗುಂಡು ಇಟ್ಟ ಗುರಿಗೇ ಹೋದೀತು ಎಂಬ ಪ್ರಶ್ನೆಯು ಬೇಟೆಗಾರರ ಹರಟೆಗೆ ಸೇರಿದುದೆಂದು ವಿದ್ಯಾವಂತರು ಅದನ್ನು ಕಡೆಗಣಿಸಿರುವರು. ಈ ಪ್ರಶ್ನೆಯಲ್ಲಿ ಗಣಿತವೂ ಲೋಹವಿದ್ಯೆಯೂ ರಾಜ್ಯಶಾಸನವೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದಲೂ, ನಮ್ಮ ಸೀಮೆಯ ಅನೇಕ ಮನೆಗಳ ಗೋಡೆಯ ಮೇಲೆ ಇಂದಿಗೂ ಒಂದು ಕೋವಿಯು ತೂಗುತ್ತಿರುವುದರಿಂದಲೂ, ಆ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಸಿದ್ದಾಪುರವು ಘಟ್ಟದ ಬುಡದ ಊರು. ಕುಂದಾಪುರದಿಂದ ಹೊರಟ ಹಾದಿಯು ಇಲ್ಲಿಗೆ ಬಂದು, ಹೊಸಂಗಡಿಯನ್ನು ದಾಟಿ, ಬಾಳೆಬರೆಯ ಘಟ್ಟವನ್ನೇರಿ ನಗರವನ್ನು ಸೇರುತ್ತದೆ. ಈ ನಗರವೇ ಹಿಂದಿನ ಬಿದನೂರು. ಕೋವಿಯ ಮಟ್ಟಿಗೆ ಹೇಳುವುದಾದರೆ ಈ ಹಾದಿಗಿಂತ ಅನುಭವಸ್ಥವಾದ ಹಾದಿಯು ನಮ್ಮ ಜಿಲ್ಲೆಯಲ್ಲಿ ಮತ್ತೊಂದಿಲ್ಲ. ಕೆಳಗೆ ಕರಾವಳಿಯಲ್ಲಿ ಪೋರ್ತುಗೀಸರು ೧೫೬೯ರಲ್ಲಿ ಬಸರೂರನ್ನು ಹಿಡಿದು ಕೋಟೆ ಕಟ್ಟಿಕೊಂಡರು. ಮೇಲೆ ೧೭೬೩ರಲ್ಲಿ ಹೈದರಾಲಿಯು ಕೆಳದಿಯವರ ರಾಜಧಾನಿಯನ್ನು ವಶಪಡಿಸಿಕೊಂಡು, ಅದಕ್ಕೆ ಹೈದರನಗರವೆಂದು ತನ್ನ ಹೆಸರನ್ನೇ ಇಟ್ಟು, ಅಲ್ಲಿ ಟಂಕಸಾಲೆಯನ್ನೂ ಶಸ್ತ್ರಾಸ್ತ್ರಗಳನ್ನೂ ಮದ್ದುಗುಂಡುಗಳನ್ನೂ ತಯಾರಿಸುವ ದೊಡ್ಡ ಆಯುಧಶಾಲೆಯನ್ನೂ ಸ್ಥಾಪಿಸಿದನು. ಹೀಗೆ ಸಮುದ್ರದ ಕಡೆಯಿಂದ ಪರದೇಶದ ಕೋವಿಯೂ ಘಟ್ಟದ ಕಡೆಯಿಂದ ಸ್ವದೇಶದ ಕೋವಿಯೂ ಇಳಿದು ಬಂದು ಸಂಧಿಸಿದ ನೆಲವಿದು.

೧೭೮೩ರ ಜನವರಿ ತಿಂಗಳ ಕೊನೆಯಲ್ಲಿ ಜನರಲ್ ಮ್ಯಾಥ್ಯೂಸನೆಂಬ ಇಂಗ್ಲಿಷರ ದಳಪತಿಯು ಕುಂದಾಪುರದಿಂದ ಸೈನ್ಯವನ್ನು ನಡೆಸಿಕೊಂಡು ಬಂದು ಇದೇ ಹೊಸಂಗಡಿಯ ಘಟ್ಟವನ್ನು ಹತ್ತಿದನು. ಹಾದಿಯುದ್ದಕ್ಕೂ ಮೈಸೂರಿನವರ ಬತೇರಿಗಳಿದ್ದವು. ಅವುಗಳನ್ನು ಇಂಗ್ಲಿಷರ ಪಡೆಯು ಮುಖ್ಯವಾಗಿ ಸಂಗೀನಿನಿಂದಲೇ ಹಿಡಿಯಿತು. ಬಿದನೂರು ಶರಣಾಗತವಾಯಿತು, ಏಪ್ರಿಲ್ ಕೊನೆಯ ಹೊತ್ತಿಗೆ ಟಿಪ್ಪುವು ಅದನ್ನು ಮರಳಿ ಪಡೆದನು, ಮ್ಯಾಥ್ಯೂಸನು ಸೆರೆಯಲ್ಲಿಯೇ ತೀರಿಕೊಂಡನು. ಈ ಕಥೆಯನ್ನು ಎಲ್ಲರೂ ಜಯಾಪಜಯಗಳ ದೃಷ್ಟಿಯಿಂದ ಹೇಳುತ್ತಾರೆ. ನನಗೆ ಕುತೂಹಲ ಹುಟ್ಟಿಸುವುದು ಆ ಸಂಗೀನು. ಕೈಯಲ್ಲಿ ಕೋವಿಯಿದ್ದವರು ಈಟಿಯವರಂತೆ ತಿವಿಯಲು ಹೋದುದೇಕೆ? ಆ ಕಾಲದ ಸೈನಿಕನ ಕೋವಿಯ ನಳಿಗೆಯು ಮುಕ್ಕಾಲು ಅಂಗುಲ ಅಗಲವಾಗಿದ್ದು, ಅದರೊಳಗೆ ಬಿಡುವ ಗುಂಡು ಅದಕ್ಕಿಂತ ಅಂಗುಲದ ಇಪ್ಪತ್ತನೆಯ ಒಂದು ಪಾಲಿನಷ್ಟು ಸಣ್ಣದಾಗಿರುತ್ತಿತ್ತು. ಬೇಗ ತುಂಬಬೇಕೆಂಬುದೇ ಅದರ ಉದ್ದೇಶ. ಮದ್ದನ್ನೂ ಗುಂಡನ್ನೂ ಒಂದೇ ಕಾಗದದ ಸುರುಳಿಯಲ್ಲಿ ಕಟ್ಟಿ ಕೊಡುತ್ತಿದ್ದರು. ಅಳತೆಯು ಎಲ್ಲರಿಗೂ ಒಂದೇ. ಕೋವಿಯ ಗುಣವನ್ನು ವಿಚಾರಿಸುವವರಿಲ್ಲ. ಗುಂಡು ನಳಿಗೆಯೊಳಗೆ ಅತ್ತಿತ್ತ ತಾಗುತ್ತ ಹೊರಬಿದ್ದು, ಕೊನೆಗೆ ತಾಗಿದ ಪಕ್ಕವನ್ನು ಬಿಟ್ಟು ಬೇರೆ ಕಡೆಗೆ ಹಾರುವುದು. ನೂರು ಗಜಗಳಾಚೆ ಒಬ್ಬನನ್ನು ಆರಿಸಿ ಹೊಡೆಯುವುದು ಅದರಿಂದ ಆಗದ ಕೆಲಸ. ಸಾವಿರ ಮಂದಿ ಒಟ್ಟಿಗೆ ಹಾರಿಸಿದರೆ ಯಾವುದಾದರೊಂದು ತಾಗೀತೆಂಬ ಲೆಕ್ಕ. ಸೇನೆಗೆ ಅದು ಸಾಕು. ಆದರೆ ಮಧ್ಯರಾತ್ರಿಯಲ್ಲಿ ಗದ್ದೆಯ ಅಂಚಿನಲ್ಲಿ ಒಂಟಿಯಾಗಿ ಕುಳಿತಿರುವವನಿಗೆ ಅದು ಸಾಲದು.

ಇಲ್ಲಿ ಒಂದು ಶಾಸ್ತ್ರವಿಷಯವನ್ನು ಎತ್ತಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಕೋವಿಯ ಪ್ರಸ್ತಾಪ ಬಂದ ಕೂಡಲೆ ನಮ್ಮ ಸಭೆಗಳಲ್ಲಿ ಯಾರಾದರೂ ಎದ್ದು ನಿಂತು, ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು, ಶುಕ್ರನೀತಿಯನ್ನು ನೋಡಿರಿ ಎನ್ನುವುದು ವಾಡಿಕೆ. ನೋಡೋಣ. ಶುಕ್ರನೀತಿಯಲ್ಲಿ ನಾಲಿಕವೆಂಬ ಆಯುಧದ ವರ್ಣನೆಯಿರುವುದು ನಿಜ. ಲಘುನಾಲಿಕ, ಬೃಹನ್ನಾಲಿಕ ಎಂದು ಎರಡು ವಿಧ. ಲಘುನಾಲಿಕವು ಐದು ಗೇಣು ಉದ್ದ. ಒಳಗಿನ ರಂಧ್ರವು ನಡುಬೆರಳಿನ ದಪ್ಪ. ತುದಿಯಲ್ಲಿಯೂ ಬುಡದಲ್ಲಿಯೂ ಗುರಿ ಹಿಡಿಯುವುದಕ್ಕೆ ಎಳ್ಳಿನಷ್ಟು ಗುರುತು. ಮದ್ದಿಗೆ ಅಗ್ನಿಚೂರ್ಣವೆಂದು ಹೆಸರು. ಐದು ಪಲ ಪೆಟ್ಲುಪ್ಪು, ಒಂದು ಪಲ ಗಂಧಕ, ಎಕ್ಕ ಕಳ್ಳಿ ಮೊದಲಾದ ಗಿಡಗಳ ಇದ್ದಿಲು ಒಂದು ಪಲ. ನಾಲಿಕಾಸ್ತ್ರಕ್ಕಾದರೆ ಉಪ್ಪಿನ ಪಾಲು ನಾಲ್ಕಾಗಿಯೂ ಆರಾಗಿಯೂ ಇರಬಹುದೆಂದು ವಿಕಲ್ಪವೂ ಉಂಟು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತಾಧ್ಯಾಪಕನಾಗಿದ್ದ ಗುಸ್ತಾವ್ ಆಪ್ಪರ್ಟನೆಂಬ ಜರ್ಮನ್ ಪಂಡಿತನು ೧೮೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು, ಕೋವಿಯೂ ಮದ್ದೂ ಭಾರತದಲ್ಲಿ ಅತಿ ಪ್ರಾಚೀನವೆಂದು ಸಾಧಿಸಲು ಯತ್ನಿಸಿದನು. ನಮ್ಮವರಿಗೆ ಅದು ಬಹಳ ಹಿಡಿಸಿತು.

ಆದರೆ ಶಾಸ್ತ್ರವನ್ನು ಗೌರವಿಸುವುದೆಂದರೆ ಅದನ್ನು ಗಮನವಿಟ್ಟು ಓದುವುದೆಂದೇ ಅರ್ಥ. ಆರು ಪಾಲು ಉಪ್ಪಿಗೆ ಒಂದೊಂದು ಪಾಲು ಗಂಧಕವೂ ಇದ್ದಿಲೂ ಎಂದರೆ ನೂರಕ್ಕೆ ಎಪ್ಪತ್ತೈದು ಪಾಲು ಉಪ್ಪಾಯಿತು. ಯುರೋಪಿನವರು ಶತಮಾನಗಳ ಕಾಲ ಪ್ರಯೋಗ ಮಾಡಿ ಕೊನೆಗೆ ಮುಟ್ಟಿದ ಪ್ರಮಾಣವೂ ಎಪ್ಪತ್ತೈದೇ. ಮೊದಲ ಕಾಲದ ಮದ್ದುಗಳಲ್ಲಿ ಉಪ್ಪು ಬಹಳ ಕಡಿಮೆಯಿತ್ತು. ಕಾಲಕ್ರಮದಲ್ಲಿ ಅದು ಏರುತ್ತ ಬಂದಿತು. ಪಕ್ವವಾದ ಪ್ರಮಾಣವು ಮಾತ್ರ ಕಂಡು, ಅದಕ್ಕೆ ಹಿಂದಿನ ಅಪಕ್ವದಶೆಗಳ ಸುಳಿವೇ ಇಲ್ಲದ ಗ್ರಂಥವು ಪ್ರಾಚೀನವಾಗಲಾರದು. ಅದಕ್ಕಿಂತ ಬಲವಾದ ಸಾಕ್ಷ್ಯವು ಇನ್ನೊಂದುಂಟು: ಆ ನಾಲಿಕದ ಬುಡದಲ್ಲಿ ಯಂತ್ರದ ಹೊಡೆತದಿಂದ ಕಲ್ಲಿನಲ್ಲಿ ಕಿಡಿಯೇಳುವ ಏರ್ಪಾಡಿದೆಯೆಂದು ಅದೇ ಪ್ರಕರಣವು ಹೇಳುತ್ತದೆ. ಅದು ಚಕಮಕಿಯ ಕೋವಿಯಲ್ಲದೆ ಬೇರೆಯಲ್ಲ. ಚಕಮಕಿಯ ಕೋವಿಯು ಯುರೋಪಿನಲ್ಲಿಯೇ ರೂಢಿಗೆ ಬಂದುದು ಹದಿನೇಳನೆಯ ಶತಮಾನದಲ್ಲಿ. ಭಾರತದ ಸಿಡಿಮದ್ದಿನ ಚರಿತ್ರೆಯನ್ನು ಆಳವಾಗಿ ಶೋಧಿಸಿದ ಪಿ. ಕೆ. ಗೋಡೆಯವರೇ ಮೊದಲಾದ ಸ್ವದೇಶೀಯ ವಿದ್ವಾಂಸರೂ ಇಂಥ ಗ್ರಂಥಗಳ ಪ್ರಾಚೀನತೆಯನ್ನು ಒಪ್ಪಲಿಲ್ಲ. ಲಲ್ಲನ್‌ಜೀ ಗೋಪಾಲರು ೧೯೬೨ರಲ್ಲಿ ಈಗಿರುವ ಶುಕ್ರನೀತಿಯು ಹತ್ತೊಂಬತ್ತನೆಯ ಶತಮಾನದ ರಚನೆಯೆಂದೇ ವಾದಿಸಿದರು. ಇದರಿಂದ ನಮಗೇನೂ ಅವಮಾನವಿಲ್ಲ. ಹೈದರನ ಆಯುಧಶಾಲೆಯಲ್ಲಿ ದುಡಿದ ಕಮ್ಮಾರರ ಕೈಚಳಕವು ಕಣ್ಣಿಗೆ ಕಾಣುವ ಕೀರ್ತಿ. ಅದನ್ನು ಬಿಟ್ಟು ಶುಕ್ರಾಚಾರ್ಯರ ಹೆಗಲಿಗೆ ಕೋವಿಯನ್ನು ಏರಿಸುವುದು ಅವರಿಗೂ ಭಾರ, ನಮಗೂ ಭಾರ.

ಇನ್ನು ಅಳತೆಯ ಪರಿಭಾಷೆಗೆ ಬರೋಣ. ಕೋವಿಯ ಬೋರು ಹನ್ನೆರಡು, ಹದಿನಾರು ಎಂದು ಹೇಳುವುದನ್ನು ವಾಚಕರು ಕೇಳಿರಬಹುದು. ಇದು ಅಂಗುಲದ ಅಳತೆಯಲ್ಲ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಸರಿಹೊಂದುವ ಎಷ್ಟು ಉಂಡೆಗಳನ್ನು ಎರಕಹೊಯ್ಯಬಹುದೋ ಅದೇ ಬೋರಿನ ಸಂಖ್ಯೆ. ಆದುದರಿಂದ ಸಂಖ್ಯೆ ಸಣ್ಣದಾದಷ್ಟೂ ಕೋವಿ ದೊಡ್ಡದು. ನಮ್ಮ ತೊಲದ ಲೆಕ್ಕಕ್ಕೆ ತಂದರೆ ಹನ್ನೆರಡರ ಗುಂಡು ಸುಮಾರು ಮೂರೂಕಾಲು ತೊಲ. ಎಂಟರದು ಐದು ತೊಲಕ್ಕೆ ತುಸು ಕಡಿಮೆ. ನಾಲ್ಕರದು ಹತ್ತು ತೊಲಕ್ಕೆ ತುಸು ಕಡಿಮೆ. ಹತ್ತು ತೊಲ ಸೀಸದ ಉಂಡೆಯನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಅದನ್ನು ಹಾರಿಸುವವನ ಹೆಗಲಿನ ಗತಿಯೇನೆಂಬುದು ತಾನಾಗಿ ಹೊಳೆಯುತ್ತದೆ. ಮದ್ದನ್ನು ಇಂಗ್ಲಿಷರು ಡ್ರಾಮಿನಲ್ಲಿ ಅಳೆಯುತ್ತಿದ್ದರು. ಆರೂವರೆ ಡ್ರಾಮು ನಮ್ಮ ಒಂದು ತೊಲಕ್ಕೆ ಸರಿಸುಮಾರು.

ಗುಂಡನ್ನು ಗುರಿಗೆ ಕಳುಹಿಸುವ ವಿದ್ಯೆಯು ನಳಿಗೆಯೊಳಗೆ ಸುರುಳಿಗೀರುಗಳನ್ನು ಕೊರೆದಾಗ ಆರಂಭವಾಯಿತು. ಬುಗುರಿಯು ತಿರುಗುತ್ತಿರುವವರೆಗೆ ನೆಟ್ಟಗೆ ನಿಲ್ಲುವಂತೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಇಂಥ ಕೋವಿಗೆ ರೈಫಲೆಂದು ಹೆಸರು. ಬಾಯಿಯಿಂದ ತುಂಬುವ ರೈಫಲಿನಲ್ಲಿ ನಳಿಗೆಗಿಂತ ಸ್ವಲ್ಪವೇ ಸಣ್ಣದಾದ ಉಂಡೆಯನ್ನು ಕೊಬ್ಬು ಇಲ್ಲವೆ ಮೇಣ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ, ಗಜದಿಂದ ಒತ್ತಿ ಮದ್ದಿನ ಮೇಲೆ ಕೂರಿಸುವರು. ಬಟ್ಟೆಯು ಗೀರುಗಳನ್ನು ಹಿಡಿದು ಉಂಡೆಯನ್ನು ತಿರುಗಿಸುತ್ತದೆ. (ತುಪಾಕಿಗೆ ಕೊಬ್ಬು ಬೇಕೇಬೇಕು, ೧೮೫೭ರಲ್ಲಿ ಸಿಪಾಯಿಗಳ ಕೋಪಕ್ಕೆ ಕಾರಣವಾದ ಕೊಬ್ಬಿನ ತೋಟೆಯೂ ಇದೇ ಅಗತ್ಯದ ಕೂಸು. ಯಾವ ಕೊಬ್ಬೆಂದು ವಿಚಾರಿಸುವ ವಿವೇಕ ಮಾತ್ರ ಅಧಿಕಾರಿಗಳಿಗಿರಲಿಲ್ಲ.) ಸುರುಳಿಯು ಬಿಗಿಯಾಗಿದ್ದು ಮದ್ದು ಹೆಚ್ಚಾದರೆ ಉಂಡೆಯು ಗೀರಿಗೆ ಕಟ್ಟುಬೀಳದೆ ನೇರವಾಗಿ ಜಾರಿಬಿಡುತ್ತದೆ. ಹಾಗಾದಾಗ ಗುರಿಯೂ ಇಲ್ಲ, ತಿರುಗುವಿಕೆಯೂ ಇಲ್ಲ. ಇದಕ್ಕೆ ಹೆದರಿ ಮದ್ದು ಕಡಿಮೆ ಮಾಡಿದರೆ ಗುಂಡು ಬಿಲ್ಲಿನಂತೆ ಬಾಗಿ ಬೀಳುತ್ತದೆ. ಎಂಬತ್ತು ಗಜವೋ ನೂರಿಪ್ಪತ್ತು ಗಜವೋ ಎಂದು ಕಾಡಿನ ಮಬ್ಬಿನಲ್ಲಿ ನಿರ್ಣಯಿಸುವುದು ಯಾರಿಗೆ ಸಾಧ್ಯ?

ಈ ಉಭಯಸಂಕಟದಿಂದ ಬಿಡಿಸಿದವನು ಜೇಮ್ಸ್ ಫಾರ್ಸೈತನೆಂಬ, ಮಧ್ಯಭಾರತದ ಕಾಡುಗಳಲ್ಲಿ ಅಧಿಕಾರಿಯಾಗಿದ್ದ ಬಂಗಾಳದ ಸೇನೆಯವನು. ಅವನು ೧೮೬೦ರ ದಶಕದಲ್ಲಿ ಬೇಟೆಯ ರೈಫಲು ಮತ್ತು ಅದರ ಗುಂಡುಗಳನ್ನೇ ಕುರಿತು ಗ್ರಂಥವನ್ನು ಬರೆದನು. ಉರುಟಾದ ಉಂಡೆಗೆ ಹೆಚ್ಚು ತಿರುಗುವಿಕೆ ಬೇಡ. ನೂರು ಅಂಗುಲಕ್ಕೂ ಮಿಕ್ಕಿದ ಉದ್ದದಲ್ಲಿ ಒಂದೇ ಸುತ್ತು ಬರುವಂತೆ ಸುರುಳಿಯನ್ನು ಸಡಿಲವಾಗಿ ಕೊರೆದರೆ ಸಾಕು. ಆಗ ಮದ್ದನ್ನು ಧಾರಾಳವಾಗಿ ಹಾಕಬಹುದು. ಮದ್ದು ಧಾರಾಳವಾದರೆ ಗುಂಡಿನ ದಾರಿಯು ಚಪ್ಪಟೆಯಾಗುವುದರಿಂದ ದೂರವನ್ನು ಊಹಿಸುವಲ್ಲಿ ತಪ್ಪಿದರೂ ಗುರಿ ತಪ್ಪದು ಎಂಬುದು ಅವನ ಸಿದ್ಧಾಂತ. ಲೆಕ್ಕ ಹಾಕಿ ನೋಡಿರಿ: ೧೮೫೩ರ ಎನ್‌ಫೀಲ್ಡೆಂಬ ಸೈನ್ಯದ ರೈಫಲಿನಲ್ಲಿ ಸುರುಳಿಯು ೭೮ ಅಂಗುಲಕ್ಕೊಂದು ಸುತ್ತು, ಮದ್ದಿನ ತೂಕವು ಗುಂಡಿನ ತೂಕದ ಏಳೆಂಟನೆಯ ಒಂದು ಪಾಲು ಮಾತ್ರ. ಹದಿನಾಲ್ಕರ ಬೋರಿನ ಉಂಡೆಗೆ ಐದು ಡ್ರಾಮು ಮದ್ದು ಹಾಕಿದರೆ ಅದು ನಾಲ್ಕನೆಯ ಒಂದು ಪಾಲಿಗೂ ಮಿಗಿಲಾಯಿತು. ಅವನಿಗಿಂತ ಮೊದಲೇ ಸಿಂಹಳದ ಕಾಡುಗಳಲ್ಲಿ ಆನೆಯ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರನು ೧೮೪೦ರಲ್ಲಿ ಬ್ರಿಸ್ಟಲಿನ ಗಿಬ್ಸನಿಂದ ಮಾಡಿಸಿಕೊಂಡ ಒಂಟಿನಳಿಗೆಯ ರೈಫಲು ಇಪ್ಪತ್ತೊಂದು ಪೌಂಡು ತೂಗುತ್ತಿತ್ತು. ಅದರ ಮದ್ದು ಹದಿನಾರು ಡ್ರಾಮು, ಎಂದರೆ ಎರಡೂವರೆ ತೊಲದ ಹತ್ತಿರ. ಕೋವಿಯ ಭಾರವೇ ಹೆಗಲಿಗೆ ರಕ್ಷೆ. ಮೆತ್ತನೆಯ ಸೀಸವು ಆನೆಯ ತಲೆಬುರುಡೆಗೆ ತಾಗಿ ಚಪ್ಪಟೆಯಾಗದಂತೆ ಅದಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಡುಸುಮಾಡುತ್ತಿದ್ದರು.

ಹೆಸರಿನ ಗೊಂದಲವಾಗದಿರಲೆಂದು ಹೇಳುತ್ತೇನೆ: ಕೋವಿಯ ಚರಿತ್ರೆಯಲ್ಲಿ ಫಾರ್ಸೈತರು ಇಬ್ಬರು. ಮೊದಲನೆಯವನು ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಜಾನ್ ಫಾರ್ಸೈತ್. ಚಕಮಕಿಯ ಬದಲಿಗೆ ಹೊಡೆತದಿಂದಲೇ ಸಿಡಿಯುವ ರಾಸಾಯನಿಕವನ್ನು ಬಳಸಿ ೧೮೦೭ರಲ್ಲಿ ಸನ್ನದು ಪಡೆದವನು ಅವನು. ಅದರಿಂದ ಹುಟ್ಟಿದುದೇ ನಮ್ಮ ಕೇಪಿನ ಕೋವಿ. ಧರ್ಮೋಪದೇಶಕನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಹಕ್ಕಿಯ ಬೇಟೆಯಿಂದ; ಚಕಮಕಿಯ ಬಟ್ಟಲಿನ ಹೊಗೆಯನ್ನು ಕಂಡು ಹಕ್ಕಿಗಳು ಗುಂಡು ಬರುವ ಮೊದಲೇ ಹಾರಿಹೋಗುತ್ತಿದ್ದುವಂತೆ.

ಈಗ ಜೋಡುನಳಿಗೆಯ ವಿಚಾರ. ಬಾಯಿಯಿಂದ ತುಂಬುವ ಕೋವಿಯನ್ನು ಒಮ್ಮೆ ಹಾರಿಸಿದ ಮೇಲೆ ಮತ್ತೆ ತುಂಬುವುದಕ್ಕೆ ಅರ್ಧ ನಿಮಿಷವಾದರೂ ಬೇಕು. ಗಾಯಗೊಂಡ ಕಾಟಿಯು ಅರ್ಧ ನಿಮಿಷ ಕಾಯುವ ಪ್ರಾಣಿಯಲ್ಲ. ಎರಡನೆಯ ನಳಿಗೆಯು ಬೇಟೆಗಾರನಿಗೆ ಎರಡನೆಯ ಪ್ರಾಣ. ಆದರೆ ಎರಡು ನಳಿಗೆಗಳನ್ನು ಒಂದೇ ಗುರಿಗೆ ಹೊಡೆಯುವಂತೆ ಮಾಡುವುದು ಕೋವಿ ಮಾಡುವವರ ವಿದ್ಯೆಯಲ್ಲೆಲ್ಲ ಕಠಿಣವಾದುದು. ಎರಡನ್ನೂ ಸಮಾನಾಂತರವಾಗಿ ಬೆಸೆದುಬಿಟ್ಟರೆ ಆಯಿತಲ್ಲ ಎಂದು ರೇಖಾಗಣಿತವನ್ನು ಮಾತ್ರ ಓದಿದವನು ಹೇಳಿಯಾನು. ಹಾಗೆ ಬೆಸೆದರೆ ಬಲನಳಿಗೆಯ ಗುಂಡು ಬಲಕ್ಕೂ ಎಡನಳಿಗೆಯ ಗುಂಡು ಎಡಕ್ಕೂ ಹೋಗುವುದು. ಕಾರಣವೇನೆಂದರೆ, ಬಲನಳಿಗೆಯು ಕೋವಿಯ ನಟ್ಟನಡುವಿನ ರೇಖೆಯಿಂದ ಬಲಕ್ಕೆ ಇರುವುದರಿಂದ ಅದರ ಒದೆತವು ಕೋವಿಯನ್ನು ಹಿಂದಕ್ಕೆ ತಳ್ಳುವುದಷ್ಟೇ ಅಲ್ಲದೆ ಬಾಯನ್ನು ಬಲಕ್ಕೆ ತಿರುಗಿಸುತ್ತದೆ. ಗುಂಡು ಇನ್ನೂ ನಳಿಗೆಯೊಳಗಿರುವಾಗಲೇ ಈ ತಿರುವು ಆರಂಭವಾಗಿರುತ್ತದೆ. ಎಡದ್ದು ಹಾಗೆಯೇ ಎಡಕ್ಕೆ. ಇದನ್ನು ಬಲ್ಲ ಕೋವಿಗಾರರು ಎರಡು ನಳಿಗೆಗಳನ್ನೂ ಬಾಯಿಯ ಕಡೆ ಸ್ವಲ್ಪ ಒಳಮುಖವಾಗಿ, ಒಂದಕ್ಕೊಂದು ಮುಂದೆಲ್ಲಿಯೋ ಅಡ್ಡಹಾಯುವಂತೆ ಬೆಸೆಯುತ್ತಿದ್ದರು. ಒಳಮುಖದ ಓರೆಯೂ ಹೊರಮುಖದ ಒದೆತವೂ ಒಂದನ್ನೊಂದು ತೊಡೆದುಹಾಕಿ ಎರಡು ಗುಂಡುಗಳೂ ಒಂದೆಡೆಗೆ ಸೇರಬೇಕು. ಹಾರಿಸಿ ನೋಡುವುದು, ಬೆಸುಗೆಯನ್ನು ಕಾಯಿಸಿ ಬಿಡಿಸುವುದು, ನಳಿಗೆಗಳ ನಡುವಣ ಬೆಣೆಯನ್ನು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಬೆಸೆದು ಮತ್ತೆ ಹಾರಿಸುವುದು; ಹೀಗೆ ಸರಿಬರುವವರೆಗೂ ನಡೆಯುತ್ತಿತ್ತು.

ಇಷ್ಟೆಲ್ಲ ಶ್ರಮವೂ ಒಂದೇ ಒಂದು ಅಳತೆಯ ಮದ್ದಿಗೆ ಮಾತ್ರ ಸಲ್ಲುತ್ತದೆಂಬುದೇ ಈ ವಿಷಯದ ಮರ್ಮ. ಮದ್ದು ಕಡಿಮೆಯಾದರೆ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ತಡೆಯುತ್ತದೆ. ಆ ಹೊತ್ತಿಗೆ ಕೋವಿ ಹೆಚ್ಚು ತಿರುಗಿರುತ್ತದೆ. ಬಲದ ಗುಂಡು ಬಲಕ್ಕೂ ಎಡದ ಗುಂಡು ಎಡಕ್ಕೂ ಅಗಲುತ್ತವೆ. ಮದ್ದು ಹೆಚ್ಚಾದರೆ ಗುಂಡು ಬೇಗ ಹೊರಬಿದ್ದು, ತಿರುವು ಸಾಲದೆ, ಒಳಮುಖದ ಓರೆಯೇ ಗೆದ್ದು ಬಲದ್ದು ಎಡಕ್ಕೂ ಎಡದ್ದು ಬಲಕ್ಕೂ ಅಡ್ಡಹಾಯುತ್ತವೆ. ಮದ್ದು ಹೆಚ್ಚಿದಷ್ಟೂ ಪೆಟ್ಟು ಗಟ್ಟಿಯೆಂಬ ನಮ್ಮ ಕಡೆಯ ಮಾತು ಒಂಟಿನಳಿಗೆಯ ಮಟ್ಟಿಗೆ ಅರ್ಧಸತ್ಯ; ಜೋಡುನಳಿಗೆಯ ರೈಫಲಿಗೆ ಪೂರ್ಣ ಅಸತ್ಯ.

ಒಳ್ಳೆಯ ಕೋವಿಗಾರನು ತಾನು ಯಾವ ಅಳತೆಗೆ ಹೊಂದಿಸಿದನೆಂಬುದನ್ನು ಕೋವಿಯ ಪೆಟ್ಟಿಗೆಯ ಮುಚ್ಚಳದೊಳಗೆ ಬರೆದಂಟಿಸುತ್ತಿದ್ದನು. ಪೆಟ್ಟಿಗೆ ಕಳೆದುಹೋದರೆ, ಅಥವಾ ಮದ್ದೇ ಬೇರೆಯಾದರೆ, ಆ ಬರಹದಿಂದ ಪ್ರಯೋಜನವಿಲ್ಲ. ಸೂಕ್ಷ್ಮವಾದ ಕಾಳಿನ ಮದ್ದು ಥಟ್ಟನೆ ಉರಿಯುತ್ತದೆ, ದಪ್ಪ ಕಾಳಿನದು ನಿಧಾನ. ತೂಕ ಒಂದೇ ಆದರೂ ಫಲ ಒಂದೇ ಅಲ್ಲ. ವಿಲಾಯತಿಯ ಕರ್ಟಿಸ್ ಅಂಡ್ ಹಾರ್ವೆಯ ಮದ್ದಿಗೆ ಹೊಂದಿಸಿದ ಕೋವಿಗೆ ಊರಿನ ಮದ್ದನ್ನು ಅದೇ ತೂಕದಲ್ಲಿ ಹಾಕಿ ಕೋವಿಯನ್ನು ಬೈಯುವುದು ನ್ಯಾಯವಲ್ಲ. ಆಗ ಅಳತೆಯನ್ನು ಹೊಸದಾಗಿ ಹುಡುಕಬೇಕು. ಅದರ ಕ್ರಮವು ಹೀಗೆ: ಮರಳಿನ ಚೀಲದ ಮೇಲೆ ಕೋವಿಯನ್ನು ಊರಿ, ಐವತ್ತು ಗಜ ದೂರದಲ್ಲಿ ಗುರಿಹಲಗೆಯನ್ನು ನಿಲ್ಲಿಸಿ, ಕಡಿಮೆ ಮದ್ದಿನಿಂದ ಆರಂಭಿಸುವುದು. ಬಲ ಎಡ ಎಂದು ಒಂದಾದ ಮೇಲೊಂದನ್ನು ಹಾರಿಸಿ ಎರಡು ತೂತುಗಳ ಅಂತರವನ್ನು ಬರೆದಿಡುವುದು. ಮೊದಲಿಗೆ ಅವು ದೂರವಿರುತ್ತವೆ. ಕಾಲು ಡ್ರಾಮಿಗಿಂತ ಮಿಗದಂತೆ ಹೆಜ್ಜೆಹೆಜ್ಜೆಯಾಗಿ ಏರಿಸುತ್ತ ಹೋದಂತೆ ಅಂತರವು ಕುಗ್ಗುತ್ತದೆ. ಅವು ಕೂಡಿದಲ್ಲಿ ನಿಲ್ಲಬೇಕು. ಅಡ್ಡಹಾಯ್ದರೆ ಹಿಂದಕ್ಕೆ ಬರಬೇಕು. ಒಂದು ಜೊತೆಯನ್ನು ನಂಬಬಾರದು. ಅದೇ ಅಳತೆಯಲ್ಲಿ ನಾಲ್ಕೈದು ಜೊತೆಗಳಾದರೂ ಒಂದೆಡೆ ಬಿದ್ದರೆ ಮಾತ್ರ ಅದು ಅಳತೆ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಮದ್ದನ್ನೂ ಬಟ್ಟೆಯ ದಪ್ಪವನ್ನೂ ಒಂದೇ ದಿನ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ. ಅನ್ವಯವ್ಯತಿರೇಕವೆಂದು ತರ್ಕಶಾಸ್ತ್ರದಲ್ಲಿ ನಾವು ಕಲಿಯುವುದು ಇದನ್ನೇ. ಪಾಠಶಾಲೆಯಲ್ಲಿ ಅದಕ್ಕೆ ಹೊಗೆಯೂ ಬೆಂಕಿಯೂ ಉದಾಹರಣೆ, ಇಲ್ಲಿಯೂ ಹೊಗೆ ಬೆಂಕಿಗಳಿಗೇನೂ ಕೊರತೆಯಿಲ್ಲ.

ಪ್ರತಿ ಈಡಿಗೂ ನಳಿಗೆಯನ್ನು ಒರಸಬೇಕು. ಕರಿಮದ್ದು ಸುಟ್ಟ ಮೇಲೆ ಅದರ ತೂಕದ ಅರ್ಧಕ್ಕೂ ಮಿಕ್ಕಿದ ಭಾಗವು ಘನಪದಾರ್ಥವಾಗಿಯೇ ಉಳಿಯುತ್ತದೆಂದು ನೋಬಲ್ ಮತ್ತು ಏಬಲ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ೧೮೭೫ರಲ್ಲಿ ಅಳೆದು ತೋರಿಸಿದರು. ಒಂದಷ್ಟು ಹೊಗೆಯಾಗಿ ಹೋಗುತ್ತದೆ. ಮಿಕ್ಕುದು ಮಸಿಯಾಗಿ ನಳಿಗೆಗೆ ಹತ್ತುತ್ತದೆ. ಆ ಮಸಿಯು ನೀರನ್ನು ಹೀರುವಂಥದು. ಒಣನಾಡಿನಲ್ಲಿ ಅದು ಗಟ್ಟಿ ಕಿಟ್ಟವಾದರೆ ನಮ್ಮ ಆಷಾಢದಲ್ಲಿ ಅರ್ಧ ಗಳಿಗೆಗೆ ಕೆಸರಾಗುತ್ತದೆ, ಬೆಳಗಾಗುವುದರೊಳಗೆ ತುಕ್ಕಾಗುತ್ತದೆ. ಬೇಸಗೆಯಲ್ಲಿ ಹುಡುಕಿದ ಅಳತೆಯು ಮಳೆಗಾಲದಲ್ಲಿ ತಪ್ಪುವುದಕ್ಕೆ ಘಟ್ಟದ ಬುಡದಲ್ಲಿ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಜೋಡುನಳಿಗೆಗೆ ವಿಶೇಷವಾದ ಎರಡು ಅಪಾಯಗಳುಂಟು. ಒಂದು ನಳಿಗೆಯನ್ನು ಹಾರಿಸಿದ ಒದೆತಕ್ಕೆ ಇನ್ನೊಂದು ನಳಿಗೆಯ ಗುಂಡು ಮದ್ದಿನಿಂದ ಸಡಿಲಿ ಮುಂದಕ್ಕೆ ಜರುಗಬಹುದು. ಮದ್ದಿಗೂ ಗುಂಡಿಗೂ ನಡುವೆ ಬಯಲು ಬಿದ್ದ ನಳಿಗೆಯು ಉಬ್ಬಬಹುದು, ಒಡೆಯಲೂ ಬಹುದು. ಎರಡನೆಯದು, ಆತುರದಲ್ಲಿ ಬರಿದಾದ ನಳಿಗೆಯೆಂದು ತುಂಬಿದ ನಳಿಗೆಗೇ ಮತ್ತೆ ಮದ್ದು ಸುರಿಯುವುದು. ಇವೆರಡಕ್ಕೂ ಮದ್ದು ಒಂದೇ: ಗಜದ ಮೇಲೆ ಗೀಟೆಳೆದು, ತುಂಬಿದಾಗ ಎಲ್ಲಿಯವರೆಗೆ ಇಳಿಯುತ್ತದೆ, ಬರಿದಾದಾಗ ಎಲ್ಲಿಯವರೆಗೆ ಇಳಿಯುತ್ತದೆಂದು ಗುರುತಿಟ್ಟುಕೊಳ್ಳುವುದು.

ನಮ್ಮ ಗದ್ದೆ ತೋಟಗಳ ಕೋವಿಗಳು ಬಹುಮಟ್ಟಿಗೆ ಗೀರಿಲ್ಲದ ಒಂಟಿನಳಿಗೆಯವು. ಹಂದಿಯನ್ನೂ ಮಂಗನನ್ನೂ ಹೆದರಿಸಿ ಬೆಳೆಯನ್ನು ಉಳಿಸಿಕೊಳ್ಳುವುದಕ್ಕೆ ಇಟ್ಟುಕೊಂಡವು. ಅವುಗಳಿಗೆ ತಕ್ಕಡಿಯಿಲ್ಲ, ಡ್ರಾಮಿಲ್ಲ, ಬೆರಳಿನ ಲೆಕ್ಕ. ಮದ್ದು, ನಾರಿನ ಅಡಕ, ಚರೆ ಎಲ್ಲವನ್ನೂ ಹಾಕಿ ಜಡಿದ ಮೇಲೆ ಗಜವು ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿತೆಂದು ನೋಡುವುದು. ಓದಿದವರು ಇದನ್ನು ನೋಡಿ ನಗುವುದುಂಟು. ನಗುವ ಮೊದಲು ಲೆಕ್ಕ ಹಾಕಬೇಕು. ಇಪ್ಪತ್ತರ ಬೋರಿನ ನಳಿಗೆಯಲ್ಲಿಯೂ ಹನ್ನೆರಡರ ನಳಿಗೆಯಲ್ಲಿಯೂ ಒಂದು ಬೆರಳು ಮದ್ದೆಂದರೆ ಒಂದೇ ತೂಕವಲ್ಲ. ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಹನ್ನೆರಡರಲ್ಲಿ ನೂರಕ್ಕೆ ನಲವತ್ತು ಪಾಲು ಹೆಚ್ಚು ಹಿಡಿಯುತ್ತದೆ. ಎಂದರೆ ಬೆರಳಿನ ಅಳತೆಯು ಕೋವಿಯ ದೊಡ್ಡಸ್ತಿಕೆಯನ್ನು ತಾನಾಗಿಯೇ ಗಣನೆಗೆ ತೆಗೆದುಕೊಳ್ಳುತ್ತದೆ. ಉಂಡೆಯ ತೂಕವಾದರೋ ವ್ಯಾಸದ ಘನವನ್ನು ಅನುಸರಿಸಿ ನೂರಕ್ಕೆ ಅರುವತ್ತಾರು ಪಾಲು ಹೆಚ್ಚುತ್ತದೆ. ಹೀಗೆ ಕೋವಿ ದೊಡ್ಡದಾದಂತೆ ಬೆರಳಿನ ಲೆಕ್ಕವು ಗುಂಡಿನ ತೂಕಕ್ಕೆ ಹೋಲಿಸಿದರೆ ಮದ್ದನ್ನು ಕಡಿಮೆಯಾಗಿ ಕೊಡುತ್ತದೆ. ತಪ್ಪಿದರೂ ಕ್ಷೇಮದ ಕಡೆಗೇ ತಪ್ಪುತ್ತದೆ. ಅಕ್ಷರ ಬಾರದ ಯಾವನೋ ಒಬ್ಬ ಹಿರಿಯನು ಕಂಡುಕೊಂಡ ಈ ಉಪಾಯದಲ್ಲಿರುವ ದೋಷವೊಂದೇ: ಎಲ್ಲರ ಬೆರಳೂ ಒಂದೇ ದಪ್ಪವಲ್ಲ, ಜಡಿಯುವ ಕೈಯೂ ಒಂದೇ ಬಲದ್ದಲ್ಲ.

ಈ ಕೋವಿಗಳು ಉಳಿದುಬಂದುದಕ್ಕೆ ಕಾನೂನಿನ ಚರಿತ್ರೆಯೂ ಕಾರಣ. ೧೮೫೭ರ ದಂಗೆಯ ಕಾಲದಲ್ಲಿ ಸರಕಾರವು ಜನರ ಕೈಯಿಂದ ಆಯುಧಗಳನ್ನು ಕಸಿದುಕೊಳ್ಳುವ ಶಾಸನವನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ನಿಂತರು. ಊರು ಸುಡಲ್ಪಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಅದೇ ಸರಕಾರವು ೧೮೬೧ರಲ್ಲಿ ಕೊಡಗಿನವರಿಗೆ ಈ ಶಾಸನದಿಂದ ವಿನಾಯಿತಿಯನ್ನು ಕೊಟ್ಟಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವುಂಟು; ಆ ವಿನಾಯಿತಿಯನ್ನು ಭಾರತ ಸರಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಒಂದೇ ನಾಡಿನಲ್ಲಿ ಒಬ್ಬರಿಗೆ ಗಲ್ಲು, ಒಬ್ಬರಿಗೆ ಗೌರವ! ಉಳಿದ ನಮ್ಮೆಲ್ಲರಿಗೂ ೧೮೭೮ರ ಶಾಸನದ ಲೈಸನ್ಸು ಬಂದಿತು. ಸ್ವಾತಂತ್ರ್ಯಾನಂತರದ ೧೯೫೯ರ ಆಯುಧ ಶಾಸನವು ಅದರ ಸ್ಥಾನದಲ್ಲಿ ಬಂದಾಗ, ನಿಜವಾಗಿ ಬೆಳೆಯ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಯನ್ನು ಬೇಡುವವನ ಮಾತನ್ನು ಹದಿಮೂರನೆಯ ಕಲಮಿನಲ್ಲಿ ಪ್ರತ್ಯೇಕವಾಗಿಯೇ ಸೇರಿಸಲಾಯಿತು. ಲೋಕವು ಆ ಕೋವಿಯನ್ನು ಬಿಟ್ಟು ಆಗಲೇ ಎಂಬತ್ತು ವರ್ಷವಾಗಿತ್ತು. ೧೮೭೪ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾದಿಂದ ಆನೆಗಳನ್ನು ಹಿಡಿದ ಸ್ಯಾಂಡರ್ಸನನು ತನ್ನ ನಾಲ್ಕು, ಎಂಟರ ಬೋರಿನ ಕೋವಿಗಳನ್ನು ಹಿಂಬದಿಯಿಂದ ತೋಟೆ ಹಾಕಿ ತುಂಬುತ್ತಿದ್ದನು. ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದೂ ಬಂದು ದೊಡ್ಡ ಬೋರಿನ ಕಾಲವೇ ಮುಗಿಯಿತು.

೧೯೭೨ರ ವನ್ಯಜೀವಿ ಶಾಸನದೊಡನೆ ಬೇಟೆಯೂ ಮುಗಿಯಿತು. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳು ೧೯೭೪ರಲ್ಲಿ ಆದವು. ಹೀಗಾದುದಕ್ಕೆ ನಾನು ಮರುಗುವವನಲ್ಲ. ಕಾಟಿಯು ಉಳಿದುದು ಒಳ್ಳೆಯದೇ ಆಯಿತು. ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದು, ಮುಗಿದ ಮೇಲೆ ಮರಳಿ ತರುವುದು ಈಗ ಅವುಗಳಿಗಿರುವ ಮುಖ್ಯ ಸಂಚಾರ. ಆ ಹೊತ್ತಿಗೆ ಕೋವಿಯನ್ನು ಗೋಡೆಯಿಂದ ಇಳಿಸುವವರು ಹೆಚ್ಚಾಗಿ ಅದನ್ನು ತುಂಬಿದವರಲ್ಲ, ಅವರ ಮೊಮ್ಮಕ್ಕಳು. ಕರಿಮದ್ದು ಒಣಗಿದ್ದರೆ ಹಳತಾಗಿ ಕೆಡುವ ವಸ್ತುವಲ್ಲ. ಅಜ್ಜನ ಕಾಲದ ಈಡು ಇಂದೂ ಹಾರಬಲ್ಲದು. ಆದುದರಿಂದ ಹಳೆಯ ಕೋವಿಯನ್ನು ಕೈಗೆ ತೆಗೆದುಕೊಳ್ಳುವವರು ಬಾಯನ್ನು ಯಾರ ಕಡೆಗೂ ಮಾಡದೆ, ಕುದುರೆಯ ಕೆಳಗೆ ಕೇಪಿದೆಯೇ ಎಂದು ನೋಡಿ, ಮೊದಲು ಗಜವನ್ನು ಮೆಲ್ಲನೆ ನಳಿಗೆಯೊಳಕ್ಕೆ ಇಳಿಬಿಡಬೇಕು. ಬಳಿಕ ಅದೇ ಗಜವನ್ನು ಹೊರಗಿನಿಂದ ನಳಿಗೆಯ ಪಕ್ಕಕ್ಕೆ ಹಿಡಿದು ನೋಡಬೇಕು. ಒಳಗಿಳಿದ ಉದ್ದವು ನಳಿಗೆಯ ಬುಡದವರೆಗೆ ಸರಿಹೋದರೆ ಅದು ಬರಿದು. ನಾಲ್ಕು ಬೆರಳು ಕಡಿಮೆ ಬಂದರೆ ಒಳಗೆ ಈಡಿದೆ; ಅದನ್ನು ತಾವು ಕೆದಕದೆ, ಬಲ್ಲವರ ಕೈಯಿಂದಲೇ ತೆಗೆಸತಕ್ಕದ್ದು. ಜೋಡುನಳಿಗೆಯಾದರೆ ಎರಡನ್ನೂ ಬೇರೆಬೇರೆಯಾಗಿ ನೋಡತಕ್ಕದ್ದು.